ಹಳೆಯ ಕಾರಿನ ಬಿಗಿದ ಆಸನ

ಮನೆಯಲ್ಲಿ ಬಹುಕಾಲ ಬಾಳಿದ ವಸ್ತುಗಳು ಒಮ್ಮೆಲೇ ಕೆಡುವುದು ಅಪೂರ್ವ. ಬಾಗಿಲಿನ ತಿರುಗಣಿ ಮೊದಲು ಕಿರುಗುಟ್ಟುವುದು. ಬಾವಿಯ ರಾಟೆ ಮೊದಲು ಅಳುವುದು. ಹೊಲಿಗೆಯ ಯಂತ್ರದ ಚಕ್ರ ಮೊದಲು ಭಾರವಾಗುವುದು. ಅವು ಕೊಡುವ ಸೂಚನೆಗೆ ನಾವು ಕಿವಿಗೊಡದೆ ಹೋದರೆ ಒಂದು ದಿನ ನಿಂತೇ ಬಿಡುವುವು. ಹಳೆಯ ಮೋಟಾರುಕಾರಿನ ಒರಗುವ ಆಸನವೂ ಇದೇ ಜಾತಿಗೆ ಸೇರಿದುದು. ಮೊದಲು ಅದರ ಹಿಡಿ ಬಿಗಿಯಾಗುವುದು. ಆಮೇಲೆ ಬೆನ್ನಿಗೆ ಆಧಾರವಾದ ಭಾಗ ಮನಸ್ಸಿಲ್ಲದ ಮನಸ್ಸಿನಿಂದ ಅಲುಗುವುದು. ಕೊನೆಗೆ ಒಂದು ಮಳೆಗಾಲ ಕಳೆದು ನೋಡಿದರೆ ಅದು ಇದ್ದಲ್ಲಿಂದ ಕದಲುವುದಿಲ್ಲ.

ಇಂಜಿನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವ ಗೃಹಸ್ಥರು ಬೇಕಾದಷ್ಟು ಮಂದಿ ಇದ್ದಾರೆ. ಚಕ್ರಗಳಿಗೆ ಗಾಳಿ ತುಂಬಿಸುವುದನ್ನೂ ಬ್ಯಾಟರಿಗೆ ನೀರು ಹಾಕುವುದನ್ನೂ ಮರೆಯದವರಿದ್ದಾರೆ. ಆದರೆ ದಿನವೂ ಬೆನ್ನು ಕೊಟ್ಟು ಕುಳಿತುಕೊಳ್ಳುವ ಆಸನದ ಕೀಲಿಗೆ ವರ್ಷಕ್ಕೊಮ್ಮೆ ಎರಡು ತೊಟ್ಟು ಎಣ್ಣೆ ಬಿಟ್ಟವರು ಎಷ್ಟು ಮಂದಿ? ಅದು ಬಿಗಿದು ನಿಂತ ಮೇಲೆ ಮಾತ್ರ ಅದರ ನೆನಪಾಗುವುದು. ಆಗ ಸಾಮಾನ್ಯವಾಗಿ ನಡೆಯುವ ಮೊದಲ ಉಪಾಯವೆಂದರೆ ಹಿಡಿಯನ್ನು ಬಲವಾಗಿ ಜಗ್ಗುವುದು; ಎರಡನೆಯ ಉಪಾಯ ಸುತ್ತಿಗೆಯನ್ನು ಹುಡುಕುವುದು. ಈ ಎರಡರಿಂದಲೂ ದುರಸ್ತಿಯಾಗಬಹುದಾದ ಆಸನವು ಗುಜರಿಯ ಪಾಲಾಗುವುದು. ಅದಕ್ಕಿಂತ ಕೆಟ್ಟ ಪರಿಣಾಮವೂ ಉಂಟು: ಸರಿಹೋದಂತೆ ಕಂಡ ಆಸನ ನಡುರಸ್ತೆಯಲ್ಲಿ ಕೈಕೊಡಬಹುದು. ಆದುದರಿಂದ ಬಿಗಿದ ಆಸನವನ್ನು ಬಿಡಿಸುವ ಬಗೆಯನ್ನೂ, ಬಿಡಿಸಿದ ಮೇಲೆ ಅದು ನಂಬಿಕೆಗೆ ಯೋಗ್ಯವಾಗಿದೆಯೇ ಎಂದು ಪರೀಕ್ಷಿಸುವ ಬಗೆಯನ್ನೂ ವಾಚಕರ ಮುಂದಿಡಲು ಬಯಸುವೆವು.

ಆರಾಮಕುರ್ಚಿಯಿಂದ ಕಾರಿಗೆ

ನಮ್ಮ ಹಳೆಯ ಮನೆಗಳ ಜಗಲಿಯಲ್ಲಿ ಆರಾಮಕುರ್ಚಿಯೊಂದು ಇರುತ್ತಿತ್ತು. ಮರದ ಚೌಕಟ್ಟು, ಅದಕ್ಕೆ ತೂಗುಬಿಟ್ಟ ದಪ್ಪ ಬಟ್ಟೆ, ಹಿಂಬದಿಯಲ್ಲಿ ಮೂರೋ ನಾಲ್ಕೋ ಕಚ್ಚುಗಳು. ಅಡ್ಡಪಟ್ಟಿಯನ್ನು ಎತ್ತಿ ಒಂದು ಕಚ್ಚಿಗೆ ಇಟ್ಟರೆ ಬೆನ್ನು ನೆಟ್ಟಗಾಗುವುದು. ಇನ್ನೊಂದಕ್ಕೆ ಇಟ್ಟರೆ ಅಜ್ಜನವರ ಮಧ್ಯಾಹ್ನದ ನಿದ್ರೆಗೆ ಅನುಕೂಲವಾಗುವುದು. ಕಾರಿನ ಒರಗುವ ಆಸನದ ತತ್ತ್ವವೂ ಇದೇ. ಮರದ ಕಚ್ಚಿಗೆ ಬದಲಾಗಿ ಉಕ್ಕಿನ ಹಲ್ಲು, ಅಡ್ಡಪಟ್ಟಿಗೆ ಬದಲಾಗಿ ಉಕ್ಕಿನ ಕೊಕ್ಕೆ, ವ್ಯತ್ಯಾಸ ಇಷ್ಟೇ.

ಈ ಸೌಕರ್ಯವು ಕಾರುಗಳಲ್ಲಿ ಎಲ್ಲೆಡೆ ಬಳಕೆಗೆ ಬಂದುದು ತಡವಾಗಿ. ಅಮೆರಿಕದ ನ್ಯಾಷ್ ಕಂಪೆನಿಯವರು ೧೯೫೦ರ ಮಾದರಿಗಳಲ್ಲಿ ವಿಮಾನದ ಆಸನವನ್ನು ಹೋಲುವ ಒರಗುವ ಮುಂದಿನ ಆಸನವನ್ನು ಒದಗಿಸಿ ಹೆಸರಾದರು. ನಮ್ಮ ದೇಶದಲ್ಲಿ ಬಹುಕಾಲ ರಸ್ತೆಯನ್ನಾಳಿದ ಅಂಬಾಸಡರ್ ಕಾರು ಬಂಗಾಳದ ಉತ್ತರಪಾಡಾದಲ್ಲಿ ೨೦೧೪ರವರೆಗೆ ತಯಾರಾಯಿತು. ಅದರ ಹಳೆಯ ಮಾದರಿಗಳಲ್ಲಿ ಮುಂದಿನ ಆಸನವೆಂದರೆ ಅಡ್ಡಲಾಗಿ ಹಾಕಿದ ಒಂದೇ ಉದ್ದನೆಯ ಸೋಫಾ. ಹಳಿಯ ಮೇಲೆ ಅದು ಹಿಂದೆ ಮುಂದೆ ಜಾರುತ್ತಿದ್ದಿತೇ ಹೊರತು ಅದರ ಬೆನ್ನು ಒರಗುತ್ತಿರಲಿಲ್ಲ. ೧೯೮೩ರ ಡಿಸೆಂಬರ್ ೧೪ರಂದು ಮೊದಲನೆಯ ಮಾರುತಿ ೮೦೦ ಕಾರು ಅದರ ಒಡೆಯರ ಕೈಸೇರಿತು. ಜಪಾನಿನ ಸುಜುಕಿ ಕಂಪೆನಿಯ ವಿನ್ಯಾಸದ ಈ ಪುಟ್ಟ ಕಾರಿನಲ್ಲಿ ಮುಂದೆ ಎರಡು ಬಿಡಿ ಆಸನಗಳಿದ್ದು, ಹಿಡಿಯನ್ನೆತ್ತಿ ಬೆನ್ನನ್ನು ಬೇಕಾದಷ್ಟು ಒರಗಿಸಿಕೊಳ್ಳಬಹುದಾಗಿತ್ತು. ೧೯೮೪ರಲ್ಲಿ ಕಾಂಟೆಸಾ, ೧೯೮೫ರಲ್ಲಿ ಪ್ರೀಮಿಯರ್ ೧೧೮ ಎನ್‌ಇ ಬಂದವು. ಆಗ ಹೊಸತನದ ಗುರುತಾಗಿದ್ದ ಈ ಕಾರುಗಳಿಗೆ ಈಗ ನಾಲ್ವತ್ತರ ಪ್ರಾಯ. ಮೊದಲ ಸಂಬಳದ ಉಳಿತಾಯದಿಂದ ಕೊಂಡದ್ದೆಂದೋ, ಮದುವೆಯ ವರ್ಷ ಮನೆಗೆ ಬಂದದ್ದೆಂದೋ ಅವನ್ನು ಮಾರದೆ ಉಳಿಸಿಕೊಂಡ ಕುಟುಂಬಗಳು ಇಂದಿಗೂ ಉಂಟು. ಅಂಥವರಿಗೆ ಬಿಗಿದ ಆಸನದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

ಕೀಲಿನ ಒಳಗೆ

ಕೆಟ್ಟುದನ್ನು ಸರಿಪಡಿಸುವ ಮೊದಲು ಅದು ಸರಿಯಾಗಿದ್ದಾಗ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕು. ಆಸನದ ಪಕ್ಕದ ಹೊದಿಕೆಯನ್ನು ತೆಗೆದು ನೋಡಿದರೆ ಒಳಗೆ ಮುಖ್ಯವಾಗಿ ನಾಲ್ಕು ಅಂಗಗಳು ಕಾಣುವುವು. ಮೊದಲನೆಯದು ಪಿನ್ನು, ಕೂರುವ ಭಾಗವನ್ನೂ ಬೆನ್ನಿನ ಭಾಗವನ್ನೂ ಜೋಡಿಸುವ ಕೀಲು ಇದೇ. ಎರಡನೆಯದು ಹಲ್ಲುಪಟ್ಟಿ, ಗಡಿಯಾರದ ಚಕ್ರದ ಒಂದು ಭಾಗವನ್ನು ಕತ್ತರಿಸಿ ಇಟ್ಟಂತೆ ಕಮಾನಿನ ಆಕಾರದ ಅಂಚಿನ ಮೇಲೆ ಸಾಲಾಗಿ ಹಲ್ಲುಗಳಿರುವುವು. ಮೂರನೆಯದು ಕೊಕ್ಕೆ, ಸಣ್ಣದೊಂದು ಸ್ಪ್ರಿಂಗಿನ ಒತ್ತಡದಿಂದ ಇದು ಹಲ್ಲುಗಳ ನಡುವೆ ಕಚ್ಚಿಕೊಂಡಿರುವುದು. ನಾಲ್ಕನೆಯದು ಸುರುಳಿ ಸ್ಪ್ರಿಂಗು. ಕೊಕ್ಕೆ ಬಿಟ್ಟೊಡನೆ ಬೆನ್ನನ್ನು ಮುಂದಕ್ಕೆ ತರುವುದು ಇದರ ಕೆಲಸ. ನಾವು ಹಿಡಿಯನ್ನು ಎತ್ತಿದಾಗ ಕೊಕ್ಕೆ ಹಲ್ಲಿನಿಂದ ಮೇಲೇಳುವುದು; ಬಿಟ್ಟಾಗ ಹೊಸ ಹಲ್ಲಿನ ಸಂದಿಗೆ ಬಿದ್ದು 'ಟಕ್' ಎಂದು ಕಚ್ಚುವುದು.

ಕೆಲವು ಕಾರುಗಳಲ್ಲಿ ಹಿಡಿಯ ಬದಲು ದುಂಡನೆಯ ಗುಂಡಿ ಇರುವುದು. ಅದನ್ನು ತಿರುಗಿಸಿದಷ್ಟೂ ಒಳಗಿನ ಹಲ್ಲುಚಕ್ರಗಳ ಮೂಲಕ ಬೆನ್ನು ನಿಧಾನವಾಗಿ ಬಾಗುವುದು. ಹಲವು ಆಸನಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಹಲ್ಲುಪಟ್ಟಿಗಳಿದ್ದು, ಎರಡು ಕೊಕ್ಕೆಗಳನ್ನೂ ಒಟ್ಟಿಗೆ ಎತ್ತಲು ನಡುವೆ ಒಂದು ಸರಳನ್ನೋ ತಂತಿಯನ್ನೋ ಅಳವಡಿಸಿರುವರು. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಬಿಡದಿದ್ದರೆ ಬೆನ್ನು ಓರೆಯಾಗಿ ಸಿಕ್ಕಿಕೊಳ್ಳುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆಸನದಲ್ಲಿ ಕುಳಿತು ಹಿಂದಕ್ಕೆ ಒರಗಿದವರ ಭಾರವೆಲ್ಲ ಕಟ್ಟಕಡೆಗೆ ಕೊಕ್ಕೆಗೂ ಹಲ್ಲಿಗೂ ನಡುವಣ ಕಿರಿದಾದ ಜಾಗದ ಮೇಲೆ ಬೀಳುವುದು. ಭಾರ ಬಿದ್ದಾಗ ಕೊಕ್ಕೆ ಹಲ್ಲುಗಳ ನಡುವೆ ಒತ್ತಿ ಹಿಡಿಯಲ್ಪಡುವುದರಿಂದ, ಸರಿಯಾಗಿರುವ ಆಸನದಲ್ಲೂ ಹಿಡಿಯನ್ನೆತ್ತುವುದು ಕಷ್ಟ. ಬಿಗಿದ ಆಸನವನ್ನು ಬಿಡಿಸುವ ಗುಟ್ಟಿನಲ್ಲಿ ಅರ್ಧಪಾಲು ಈ ಒಂದು ಮಾತಿನಲ್ಲಿಯೇ ಅಡಗಿದೆ.

ಬಿಗಿಯುವುದೇಕೆ?

ಈ ಪ್ರಶ್ನೆಗೆ ಉತ್ತರ ಹೇಳಲು ಭದ್ರಾವತಿಗಿಂತ ತಕ್ಕ ಊರು ನಮ್ಮ ನಾಡಿನಲ್ಲಿ ದೊರೆಯದು. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ವರ್ಷದಿಂದ ೧೯೨೯ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದರು. ಅದಿರು ಬರುತ್ತಿದ್ದುದು ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಆ ಹೆಸರಿನಲ್ಲಿಯೇ ಇರುವ ಕೆಂಪು ಮಣ್ಣು ಏನು? ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡು ಆದ ವಸ್ತು. ಮಲೆನಾಡಿನ ಮರದ ಇದ್ದಲನ್ನು ಕುಲುಮೆಯಲ್ಲಿ ಉರಿಸಿ, ಆ ಆಮ್ಲಜನಕವನ್ನು ಕಬ್ಬಿಣದಿಂದ ಬೇರ್ಪಡಿಸಿದರೆ ಲೋಹ ದೊರೆಯುತ್ತಿತ್ತು.

ಹೀಗೆ ಬೆಂಕಿಯ ಬಲದಿಂದ ಬೇರ್ಪಡಿಸಿದ ಕಬ್ಬಿಣವು ತನ್ನ ಹಿಂದಿನ ಸ್ಥಿತಿಯನ್ನು ಮರೆಯುವುದಿಲ್ಲ. ನೀರೂ ಗಾಳಿಯೂ ಒಟ್ಟಿಗೆ ಸೋಕಿದೊಡನೆ ಮತ್ತೆ ಆಮ್ಲಜನಕವನ್ನು ಸೇರಿಸಿಕೊಂಡು ಕೆಮ್ಮಣ್ಣಾಗಲು ಹೊರಡುವುದು. ಅದನ್ನೇ ನಾವು ತುಕ್ಕು ಎನ್ನುವುದು. ಕೆಮ್ಮಣ್ಣುಗುಂಡಿಯ ಗುಡ್ಡವೂ ಕಾರಿನ ಆಸನದ ಕೀಲಿನಿಂದ ಉದುರುವ ಕೆಂಪು ಪುಡಿಯೂ ಹತ್ತಿರದ ಬಂಧುಗಳೆಂದರೆ ತಪ್ಪಾಗಲಾರದು.

ತುಕ್ಕಿನ ಇನ್ನೊಂದು ಗುಣವನ್ನು ಅನೇಕರು ಅರಿಯರು. ತುಕ್ಕು ಕಬ್ಬಿಣವನ್ನು ತಿನ್ನುವುದಷ್ಟೇ ಅಲ್ಲ, ತಿಂದು ಉಬ್ಬುವುದು. ಒಂದು ಪಾಲು ಕಬ್ಬಿಣ ತುಕ್ಕಾದಾಗ ಅದು ಮೊದಲಿನ ಎರಡು ಪಾಲಿಗಿಂತಲೂ ಹೆಚ್ಚು ಜಾಗವನ್ನು ಬೇಡುವುದು. ಪಿನ್ನಿಗೂ ಅದರ ತೂತಿಗೂ ನಡುವೆ ಇರುವ ಎಡೆ ಕೂದಲೆಳೆಯಷ್ಟು ಮಾತ್ರ. ಆ ಎಡೆಯಲ್ಲಿ ತುಕ್ಕು ಉಬ್ಬಿಕೊಂಡರೆ ಬೆಣೆ ಹೊಡೆದಂತೆ ಪಿನ್ನು ಬಿಗಿದು ಹೋಗುವುದು. ಆಸನ ಬಿಗಿಯುವುದು ಹೀಗೆ. ಇಲ್ಲಿ ಯಾವ ಭಾಗವೂ ಮುರಿದಿರಬೇಕಾಗಿಲ್ಲ.

ಗಾಳಿಯ ತೇವ ನೂರಕ್ಕೆ ಅರುವತ್ತರ ಮಟ್ಟವನ್ನು ಮೀರಿದರೆ ತುಕ್ಕಿನ ವೇಗ ಏರುವುದೆಂದು ಲೋಹಶಾಸ್ತ್ರಜ್ಞರು ಕಂಡಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಭದ್ರಾವತಿ ಶಿವಮೊಗ್ಗೆಗಳು ಮಲೆನಾಡಿನ ಮೂಡಣ ಅಂಚಿನಲ್ಲಿರುವುದರಿಂದ ಅಲ್ಲಿ ಅಷ್ಟು ಮಳೆಯಿಲ್ಲ; ಆದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗೆ ಹಾಕಿದ ಬಟ್ಟೆ ಒಣಗದು, ಡಬ್ಬಿಯ ಹಪ್ಪಳ ಮೆತ್ತಗಾಗುವುದು. ಕಾರಿನ ಒಳಗಾದರೋ ನಾವೇ ನೀರನ್ನು ಹೊತ್ತು ತರುವೆವು. ಒದ್ದೆ ಕೊಡೆಯನ್ನು ಆಸನದ ಪಕ್ಕಕ್ಕೆ ಒರಗಿಸಿಡುವುದು, ಕೆಸರು ಚಪ್ಪಲಿಯ ನೀರು ಚಾಪೆಯ ಅಡಿಗೆ ಇಳಿಯುವುದು, ಕಿಟಕಿಯ ಹಳೆಯ ರಬ್ಬರಿನ ಸಂದಿಯಿಂದ ಹನಿ ಸೋರುವುದು. ಇವೆಲ್ಲ ಹೋಗಿ ನಿಲ್ಲುವ ಜಾಗ ಆಸನದ ಕೀಲಿನ ಬುಡವೇ.

ಭದ್ರಾವತಿಯ ಒಂದು ಕಾರು

ಈ ವಿಷಯದಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯೊಂದನ್ನು ಹೇಳಿದರೆ ಮುಂದಿನ ಕ್ರಮ ಸುಲಭವಾಗಿ ತಿಳಿಯುವುದು. ಭದ್ರಾವತಿಯಲ್ಲಿ ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದ ಗೃಹಸ್ಥರೊಬ್ಬರ ಮನೆಯಲ್ಲಿ ಮೊದಲ ಮಾದರಿಯ ಮಾರುತಿ ೮೦೦ ಕಾರೊಂದಿದೆ. ಅದರ ಮುಂದಿನ ಎಡಗಡೆಯ ಆಸನ ಅರೆ ಒರಗಿದ ಸ್ಥಿತಿಯಲ್ಲಿ ಬಿಗಿದು ಹೋಗಿತ್ತು. ಅವರ ವೃದ್ಧ ತಾಯಿಯವರಿಗೆ ಉಬ್ಬಸದ ಬಾಧೆ. ತಿಂಗಳಿಗೊಮ್ಮೆ ಶಿವಮೊಗ್ಗೆಯ ವೈದ್ಯರ ಬಳಿಗೆ ಹೋಗಬೇಕು. ಹಿಂದಕ್ಕೆ ಒರಗಿ ಕುಳಿತರೆ ಅವರಿಗೆ ಉಸಿರು ಕಟ್ಟುವುದು. ಮನೆಯವರು ಬೆನ್ನಿಗೆ ಎರಡು ದಿಂಬುಗಳನ್ನಿಟ್ಟು ಕೆಲವು ಕಾಲ ನಿಭಾಯಿಸಿದರು. ಆದರೆ ಗುಂಡಿ ಸಿಕ್ಕಾಗ, ತಡೆ ಹಾಕಿದಾಗ ದಿಂಬು ಜಾರುವುದು. ಅಜ್ಜಿಯವರೂ ಅದರೊಡನೆ ಜಾರುವರು.

ದುರಸ್ತಿಯವರೊಬ್ಬರು ಒಂದು ಗಂಟೆಯ ಕೆಲಸವೆಂದು ಹೇಳಿ, ಬೆನ್ನನ್ನು ನೆಟ್ಟಗೆ ನಿಲ್ಲಿಸಿ ಕೀಲಿಗೆ ಬೆಸುಗೆ ಹಾಕಿಬಿಡುವುದಾಗಿ ಸೂಚಿಸಿದರು. ಮಗನಿಗೆ ಅದು ಒಪ್ಪಿಗೆಯಾಯಿತು, ತಂದೆಗೆ ಆಗಲಿಲ್ಲ. ಮಗ ಸುತ್ತಿಗೆ ತಂದು, "ಅಪ್ಪಯ್ಯ, ಹಾಗಾದರೆ ಒಂದು ಏಟು ಕೊಟ್ಟು ನೋಡೋಣ, ಬಿಟ್ಟರೂ ಬಿಟ್ಟೀತು" ಎಂದನು. "ತಾಳಪ್ಪ," ಎಂದರು ತಂದೆ. "ಕಬ್ಬಿಣ ಕಾದಾಗ ಬಡಿ ಎಂದು ಹಿರಿಯರು ಹೇಳಿದ್ದು ಕೆಂಪಗೆ ಕಾದ ಕಬ್ಬಿಣಕ್ಕೆ. ತಣ್ಣಗೆ ತುಕ್ಕು ಹಿಡಿದು ಕುಳಿತದ್ದಕ್ಕೆ ಆ ಮಾತಲ್ಲ. ಇದಕ್ಕೆ ಬೇಕಾದ್ದು ಎಣ್ಣೆ ಮತ್ತು ರಾತ್ರಿ."

ಮೂರು ರಾತ್ರಿ ಹಿಡಿಯಿತು. ಕೀಲಿನ ಬುಡವನ್ನು ಶುಚಿಮಾಡುವಾಗ ಅಡಕೆಯ ಚೂರುಗಳೂ ತಲೆಗೂದಲಿನ ಪಿನ್ನೊಂದೂ ತುಕ್ಕಿನ ಪುಡಿಯೂ ಹೊರಬಿದ್ದವು. ಮುರಿದ ಭಾಗ ಒಂದೂ ಇರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಬೆನ್ನು ಮೊದಲು ಒಂದು ಹಲ್ಲು, ಆಮೇಲೆ ಎರಡು ಹಲ್ಲು ಕದಲಿ, ಮಧ್ಯಾಹ್ನದ ಹೊತ್ತಿಗೆ ಪೂರ್ತಿಯಾಗಿ ಆಡತೊಡಗಿತು. ಅಜ್ಜಿಯವರನ್ನು ಕೂರಿಸುವ ಮೊದಲು ಆ ಗೃಹಸ್ಥರು ಆಸನವನ್ನು ಪರೀಕ್ಷಿಸಿದ ರೀತಿಯೇ ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು. ಅದನ್ನು ಮುಂದೆ ವಿವರಿಸುವೆವು.

ಬಿಡಿಸುವ ಕ್ರಮ

ಮೊದಲು ರೋಗವನ್ನು ಗುರುತಿಸಬೇಕು. ಕೈದೀಪ ಹಿಡಿದು ಆಸನದ ಅಡಿಯನ್ನೂ ಎರಡು ಪಕ್ಕಗಳನ್ನೂ ನೋಡಿರಿ. ನಾಣ್ಯ, ಮಕ್ಕಳ ಆಟಿಕೆ, ಪೆನ್ನು ಮುಂತಾದುವು ಹಲ್ಲುಗಳ ನಡುವೆ ಸಿಕ್ಕಿಕೊಂಡಿದ್ದರೆ ಅವನ್ನು ತೆಗೆದೊಡನೆ ಕೆಲಸ ಮುಗಿಯಬಹುದು. ಹಿಡಿ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಆಡುತ್ತಿದ್ದರೆ ತುಕ್ಕಿನ ತಪ್ಪಲ್ಲ. ಒಳಗಿನ ತಂತಿಯೋ ಸರಳೋ ಕಳಚಿದೆ ಎಂದು ತಿಳಿಯಬೇಕು. ಹಿಡಿ ಆಡುತ್ತದೆ, ಕೊಕ್ಕೆಯೂ ಏಳುತ್ತದೆ, ಆದರೆ ಬೆನ್ನು ಅಲುಗದು ಎಂದಾದರೆ ಪಿನ್ನು ಬಿಗಿದಿದೆ. ಹಿಡಿಯೇ ಏಳದಿದ್ದರೆ ಕೊಕ್ಕೆ ಬಿಗಿದಿದೆ. ಎಂದಾದರೂ ಅಪಘಾತಕ್ಕೆ ಸಿಕ್ಕಿದ ಕಾರಾದರೆ ಆಸನದ ಚೌಕಟ್ಟೇ ಸೊಟ್ಟಗಾಗಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ತುಕ್ಕೇ ಕಾರಣವೆಂದು ನಿಶ್ಚಯವಾದ ಮೇಲೆ, ಸಾಧ್ಯವಿದ್ದರೆ ಆಸನವನ್ನು ಕಾರಿನಿಂದ ಹೊರಗೆ ತೆಗೆಯುವುದು ಉತ್ತಮ. ಸಾಮಾನ್ಯವಾಗಿ ನಾಲ್ಕು ಬೋಲ್ಟುಗಳು ಅದನ್ನು ನೆಲಕ್ಕೆ ಹಿಡಿದಿರುವುವು. ಅವು ಕೂಡ ತುಕ್ಕು ಹಿಡಿದಿದ್ದರೆ ಅವಕ್ಕೂ ಎಣ್ಣೆ ಬಿಟ್ಟು ಕಾಯಬೇಕು. ಅವಸರಪಟ್ಟರೆ ಬೋಲ್ಟಿನ ತಲೆ ಮುರಿಯುವುದು. ಇಲ್ಲಿ ಎಚ್ಚರಿಕೆಯೊಂದುಂಟು: ಈಚಿನ ಕಾರುಗಳಲ್ಲಿ ಆಸನದ ಅಡಿಯಲ್ಲಿ ಗಾಳಿಚೀಲಕ್ಕೂ ಪಟ್ಟಿಗೂ ಸಂಬಂಧಿಸಿದ ತಂತಿಗಳಿರುವುವು, ಅವು ಸಾಮಾನ್ಯವಾಗಿ ಹಳದಿ ಬಣ್ಣದವು. ಅಂಥ ತಂತಿ ಕಂಡರೆ ತಾವಾಗಿ ಕೈ ಹಾಕದೆ ಬಲ್ಲವರಿಗೆ ಒಪ್ಪಿಸಬೇಕು.

ಪ್ಲಾಸ್ಟಿಕ್ಕಿನ ಹೊದಿಕೆಯನ್ನು ನಿಧಾನವಾಗಿ ಬಿಚ್ಚಿರಿ. ಹಳೆಯ ಪ್ಲಾಸ್ಟಿಕ್ಕು ಹಪ್ಪಳದಂತೆ ಮುರಿಯುವುದು. ಮೆತ್ತೆಗೆ ಎಣ್ಣೆ ತಾಗದಂತೆ ಹಳೆಯ ಬಟ್ಟೆಯನ್ನು ಸುತ್ತಿರಿ. ಗಟ್ಟಿಯಾದ ಬ್ರಷ್ಷಿನಿಂದ ಧೂಳನ್ನೂ ಬಿಡಿ ತುಕ್ಕನ್ನೂ ಉಜ್ಜಿ ತೆಗೆಯಿರಿ. ಸುರುಳಿ ಸ್ಪ್ರಿಂಗನ್ನು ಮಾತ್ರ ಬಿಚ್ಚಲು ಹೋಗಬಾರದು. ಅದು ಬಿಗಿಯಾಗಿ ಸುತ್ತಿದ್ದು, ತುದಿ ಕಳಚಿದರೆ ಬೆರಳನ್ನೂ ಕಣ್ಣನ್ನೂ ಘಾಸಿ ಮಾಡಬಲ್ಲದು. ಈ ಕೆಲಸದಲ್ಲಿ ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದು ಲೇಸು.

ಅನಂತರ ಎಣ್ಣೆ. ತುಕ್ಕು ಬಿಡಿಸುವುದಕ್ಕೆಂದೇ ಅಂಗಡಿಯಲ್ಲಿ ದೊರೆಯುವ ತೆಳುವಾದ ಎಣ್ಣೆಯನ್ನು ಪಿನ್ನಿನ ಸುತ್ತ, ಕೊಕ್ಕೆಯ ಬುಡಕ್ಕೆ, ಎರಡು ಪಕ್ಕಗಳಲ್ಲಿಯೂ ಬಿಡಬೇಕು. ತೆಳುವಾಗಿರಬೇಕೇಕೆ? ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆ, ಕಿರಿದಾದ ಎಡೆಯಲ್ಲಿ ತೆಳುವಾದ ದ್ರವ ತಾನಾಗಿ ಒಳಕ್ಕೆ ನುಸುಳುವುದು. ದಪ್ಪ ಎಣ್ಣೆಯಾದರೆ ಬಾಗಿಲಲ್ಲೇ ನಿಲ್ಲುವುದು. ಅಡಿಗೆಮನೆಯ ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬಾರದು. ಅದು ಸುಮಾರು ೨೪ ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುವುದು. ಕಾಲ ಕಳೆದಂತೆ ಅಂಟಾಗಿ ಧೂಳನ್ನು ಹಿಡಿಯುವುದು. ಅನೇಕ ಮನೆಗಳಲ್ಲಿರುವ ಡಬ್ಲ್ಯೂಡಿ-೪೦ ಎಂಬ ದ್ರವವನ್ನು ಅಮೆರಿಕದಲ್ಲಿ ೧೯೫೩ರಲ್ಲಿ ಕಂಡುಹಿಡಿದುದು ಲೋಹದ ಮೇಲಣ ನೀರನ್ನು ಅಟ್ಟುವುದಕ್ಕಾಗಿ. ತುಕ್ಕನ್ನು ನೆನೆಸಲು ಅದು ನೆರವಾಗುವುದು. ಆದರೆ ಬಹುಕಾಲ ಉಳಿಯುವ ಗ್ರೀಸಿನ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು.

ಎಣ್ಣೆ ಬಿಟ್ಟ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಬೇಕು. ಮಾರನೆಯ ದಿನ ಮತ್ತೆ ಬಿಟ್ಟು, ಮರದ ಕೊಡತಿಯಿಂದ ಪಿನ್ನಿನ ತಲೆಯ ಸುತ್ತ ಮೆಲ್ಲಗೆ ತಟ್ಟಬೇಕು. ಬಡಿಯುವುದಲ್ಲ, ತಟ್ಟುವುದು. ಆ ನಡುಕದಿಂದ ತುಕ್ಕಿನ ಪುಡಿ ಬಿರಿದು ಎಣ್ಣೆಗೆ ದಾರಿ ಬಿಡುವುದು. ಆಮೇಲೆ ಇಬ್ಬರು ಸೇರಿ ಪ್ರಯತ್ನಿಸಬೇಕು. ಒಬ್ಬರು ಬೆನ್ನನ್ನು ಕೊಂಚ ಮುಂದಕ್ಕೆ ಒತ್ತಿ ಹಿಡಿಯಲಿ. ಹಾಗೆ ಒತ್ತಿದಾಗ ಕೊಕ್ಕೆಯ ಮೇಲಣ ಭಾರ ಇಳಿಯುವುದು. ಅದೇ ಹೊತ್ತಿಗೆ ಇನ್ನೊಬ್ಬರು ಹಿಡಿಯನ್ನು ಎತ್ತಲಿ. ಮೊದಲೇ ಹೇಳಿದ ಗುಟ್ಟು ಇದೇ. ಒಬ್ಬರೇ ಆಸನದಲ್ಲಿ ಒರಗಿ ಕುಳಿತು ಹಿಡಿಯನ್ನು ಜಗ್ಗಿದರೆ ತಮ್ಮ ಭಾರದಿಂದ ತಾವೇ ಕೊಕ್ಕೆಯನ್ನು ಬಿಗಿದಂತಾಗುವುದು.

ಬೆನ್ನು ಒಂದು ಕೂದಲೆಳೆಯಷ್ಟು ಅಲುಗಿದರೂ ಸಾಕು, ಅರ್ಧ ಗೆದ್ದಂತೆ. ಕೂಡಲೆ ಪೂರ್ತಿ ಎಳೆಯಬಾರದು. ಅಲುಗಿದಷ್ಟನ್ನೇ ಮುಂದಕ್ಕೂ ಹಿಂದಕ್ಕೂ ಆಡಿಸಿ, ಎಣ್ಣೆ ಬಿಟ್ಟು, ಹೊರಬಂದ ಕೆಂಪು ಕೆಸರನ್ನು ಒರಸಿ, ಮತ್ತೆ ಆಡಿಸಬೇಕು. ಕೆಸರು ಕೆಂಪು ಬಿಟ್ಟು ಎಣ್ಣೆಯ ಬಣ್ಣಕ್ಕೆ ತಿರುಗುವವರೆಗೆ ಇದನ್ನು ಮಾಡಬೇಕು. ಕುಂಬಾರನಿಗೆ ವರುಷ, ದೊಣ್ಣೆ ಗೆ ನಿಮಿಷ ಎಂಬ ಗಾದೆಯನ್ನು ಆಸನ ಬಿಡಿಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬೆಂಕಿಯ ಉಪಾಯವನ್ನು ಮಾತ್ರ ಯಾರೂ ಮಾಡಬಾರದು. ಬಿಗಿದ ನಟ್ಟನ್ನು ಕಾಯಿಸಿ ಬಿಡಿಸುವ ಪದ್ಧತಿ ಕಾರ್ಖಾನೆಗಳಲ್ಲಿ ಉಂಟು. ಆದರೆ ಆಸನದ ಮೆತ್ತೆ ಬೆಂಕಿಗೆ ಬಹುಬೇಗ ತುತ್ತಾಗುವುದು. ಪಾಲಿಯುರಿಥೇನ್ ಎಂಬ ಮೆತ್ತೆ ಉರಿದಾಗ ಬರುವ ಹೊಗೆಯಲ್ಲಿ ಪ್ರಾಣಾಪಾಯಕರವಾದ ವಿಷಾನಿಲಗಳಿರುವುವು. ತುಕ್ಕು ಬಿಡಿಸುವ ಎಣ್ಣೆಯೂ ಹೊತ್ತಿಕೊಳ್ಳುವ ವಸ್ತುವೇ. ಅದನ್ನು ಬಳಸುವಾಗ ಕಾರಿನ ಬಾಗಿಲುಗಳನ್ನು ತೆರೆದಿಡಬೇಕು, ಹತ್ತಿರದಲ್ಲಿ ಬೀಡಿ ಸಿಗರೇಟು ಹಚ್ಚಬಾರದು.

ಹಳಿಯ ಮೇಲೆ ಜಾರದೆ ನಿಂತ ಅಂಬಾಸಡರಿನ ಉದ್ದ ಆಸನಕ್ಕೂ ಇದೇ ಚಿಕಿತ್ಸೆ ಸಲ್ಲುವುದು. ಅಲ್ಲಿ ಹಳಿಯಲ್ಲಿ ತುಂಬಿದ ಮಣ್ಣನ್ನು ಮೊದಲು ಕೆರೆದು ತೆಗೆಯಬೇಕು; ಎರಡು ಕಡೆಯ ಹಳಿಗಳೂ ಒಂದೇ ಸಮನಾಗಿ ಬಿಡುವಂತೆ ನೋಡಿಕೊಳ್ಳಬೇಕು.

ನಿಲ್ಲುವ ಪರೀಕ್ಷೆ

ಆಸನ ಆಡಿತು ಎಂದ ಮಾತ್ರಕ್ಕೆ ದುರಸ್ತಿ ಮುಗಿಯಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಕೆಲಸ ಆಗ ಆರಂಭವಾಗುವುದು. ಒರಗುವ ಆಸನದ ಕರ್ತವ್ಯ ಎರಡು: ಬೇಕೆಂದಾಗ ಚಲಿಸುವುದು, ಬೇಡವೆಂದಾಗ ನಿಲ್ಲುವುದು. ಇವೆರಡರಲ್ಲಿ ಎರಡನೆಯದೇ ಪ್ರಾಣಕ್ಕೆ ಸಂಬಂಧಿಸಿದುದು. ಚಲಿಸದ ಆಸನದಿಂದ ಬೆನ್ನು ನೋಯಬಹುದು. ನಿಲ್ಲದ ಆಸನದಿಂದ ಕಾರನ್ನು ನಡೆಸುವವರೇ ಹಿಂದಕ್ಕೆ ಬಿದ್ದು, ಕೈಯಿಂದ ಚಕ್ರವೂ ಕಾಲಿನಿಂದ ತಡೆಯೂ ತಪ್ಪಬಹುದು.

ಭದ್ರಾವತಿಯ ಆ ಗೃಹಸ್ಥರು ಮಾಡಿದ ಪರೀಕ್ಷೆ ಹೀಗಿತ್ತು. ಆಸನವನ್ನು ಕಾರಿನಲ್ಲಿ ಮತ್ತೆ ಕೂರಿಸಿ ನಾಲ್ಕು ಬೋಲ್ಟುಗಳನ್ನೂ ಬಿಗಿದರು. ಕಾರು ನಿಂತಿರುವಂತೆಯೇ ಬೆನ್ನನ್ನು ಒಂದೊಂದು ಹಲ್ಲಿಗೂ ತಂದು ಹಿಡಿಯನ್ನು ಬಿಟ್ಟರು. ಪ್ರತಿಸಲವೂ 'ಟಕ್' ಎಂಬ ಸದ್ದು ಕೇಳಿಸಿತೇ, ಹಿಡಿ ತನ್ನ ಮೊದಲಿನ ಜಾಗಕ್ಕೆ ಪೂರ್ತಿಯಾಗಿ ಮರಳಿತೇ ಎಂದು ನೋಡಿದರು. ಆಮೇಲೆ ಪ್ರತಿಯೊಂದು ಹಲ್ಲಿನಲ್ಲಿಯೂ ಎರಡು ಕೈಗಳಿಂದ ಬೆನ್ನನ್ನು ಹಿಂದಕ್ಕೂ ಮುಂದಕ್ಕೂ ಬಲವಾಗಿ ನೂಕಿದರು. ಬಳಿಕ ಮೈತುಂಬಿದ ಮಗನನ್ನು ಕೂರಿಸಿ, ಕಾಲನ್ನು ಒತ್ತಿ ಬೆನ್ನಿನಿಂದ ತಳ್ಳುವಂತೆ ಹೇಳಿದರು. ಎರಡು ಪಕ್ಕಗಳ ಕೊಕ್ಕೆಗಳೂ ಕಚ್ಚಿವೆಯೇ ಎಂದು ದೀಪ ಹಿಡಿದು ನೋಡಿದರು. ಎಲ್ಲ ಮುಗಿದ ಮೇಲೆ ಅಜ್ಜಿಯವರು ಬಂದು ಕುಳಿತು, ತಾವೂ ಒಮ್ಮೆ ಹೆಗಲಿನಿಂದ ನೂಕಿ, "ಗಟ್ಟಿಯಾಗಿದೆಯೇನೋ ಮಗ?" ಎಂದರು. "ಗಟ್ಟಿಯಾಗಿದೆ, ಅಮ್ಮ. ನೋಡಿಯೇ ನಿಮ್ಮನ್ನು ಕೂರಿಸಿದ್ದು" ಎಂದು ಉತ್ತರ ಬಂತು.

ಈ ಪರೀಕ್ಷೆಯಲ್ಲಿ ಒಂದು ಸಲವಾದರೂ ಕೊಕ್ಕೆ ಜಾರಿದರೆ ಆ ಆಸನದಲ್ಲಿ ಯಾರೂ ಪ್ರಯಾಣ ಮಾಡಬಾರದು. ಹಲ್ಲುಗಳ ತುದಿ ಸವೆದು ದುಂಡಾಗಿದ್ದರೆ ಅವನ್ನು ಅರದಿಂದ ಉಜ್ಜಿ ಚೂಪು ಮಾಡುವುದೂ, ಬೆಸುಗೆಯಿಂದ ತುಂಬುವುದೂ ಸಲ್ಲದು. ಅಂಥ ಹಲ್ಲುಗಳನ್ನು ಕಾರ್ಖಾನೆಯಲ್ಲಿ ಹದಹಾಕಿ ಗಡುಸು ಮಾಡಿರುವರು. ಬೆಸುಗೆಯ ಕಾವಿನಿಂದ ಆ ಹದ ಇಳಿದು ಉಕ್ಕು ಮೆತ್ತಗಾಗುವುದು. ಹೊರಗೆ ಗಟ್ಟಿಯಾಗಿ ಕಂಡ ಕೀಲು ಜೋರಾದ ಒಂದು ಹೊಡೆತಕ್ಕೆ ಬಿಟ್ಟುಕೊಡಬಹುದು. ಅದೇ ಮಾದರಿಯ ಕಾರಿನಿಂದ ಬಂದ ಒಳ್ಳೆಯ ಕೀಲನ್ನು, ಸಾಧ್ಯವಾದರೆ ಇಡೀ ಆಸನದ ಚೌಕಟ್ಟನ್ನೇ, ಹುಡುಕಿ ಹಾಕಿಸುವುದು ಸರಿಯಾದ ಮಾರ್ಗ. ಗುಜರಿಯಿಂದ ತಂದದ್ದಕ್ಕೂ ಮೇಲಿನ ಪರೀಕ್ಷೆ ತಪ್ಪಕೂಡದು.

ಇನ್ನೊಂದು ಮಾತು. ಆಸನ ಚೆನ್ನಾಗಿ ಒರಗತೊಡಗಿತೆಂದು ಕಾರು ಓಡುತ್ತಿರುವಾಗ ಮಲಗುವಷ್ಟು ಒರಗಿಸಿಕೊಳ್ಳುವವರುಂಟು. ಹಾಗೆ ಮಲಗಿದವರಿಗೆ ರಕ್ಷಣೆಯ ಪಟ್ಟಿ ಎದೆಯನ್ನು ತಬ್ಬಿ ಹಿಡಿಯದು. ಕಾರು ಥಟ್ಟನೆ ನಿಂತರೆ ದೇಹ ಪಟ್ಟಿಯ ಅಡಿಯಿಂದ ಜಾರಿ, ಪಟ್ಟಿ ಹೊಟ್ಟೆಯ ಮೆತ್ತನೆಯ ಭಾಗವನ್ನು ಒತ್ತುವುದು. ಹಳೆಯ ಕಾರುಗಳಲ್ಲಿ ಎಷ್ಟೋ ಕಾರುಗಳಿಗೆ ಪಟ್ಟಿಯೇ ಇಲ್ಲ. ಪೂರ್ತಿ ಒರಗುವುದು ಮರದ ನೆರಳಿನಲ್ಲಿ ಕಾರು ನಿಲ್ಲಿಸಿದಾಗ ಮಾತ್ರ ಅನುಭವಿಸತಕ್ಕ ಸುಖ.

ಮುಂದೆ ಬಿಗಿಯದಂತೆ

ಬಿಟ್ಟ ಕೀಲನ್ನು ಒಣಬಟ್ಟೆಯಿಂದ ಒರಸಿ, ಪಿನ್ನಿಗೆ ತುಸು ಗ್ರೀಸು ಸವರಬೇಕು. ಹಲ್ಲುಗಳಿಗೆ ತೆಳುವಾದ ಲೇಪ ಸಾಕು. ಹೆಚ್ಚಾದರೆ ಧೂಳು ಸೇರಿ ಕೊಕ್ಕೆ ಪೂರ್ತಿ ಕಚ್ಚದು. ತಿಂಗಳಿಗೊಮ್ಮೆ, ಅಗತ್ಯವಿಲ್ಲದಿದ್ದರೂ, ಆಸನವನ್ನು ತುದಿಯಿಂದ ತುದಿಯವರೆಗೆ ಆಡಿಸಬೇಕು. ಬಳಸದ ಕೀಲು ಬಳಸಿದ ಕೀಲಿಗಿಂತ ಬೇಗ ಬಿಗಿಯುವುದು. ಒದ್ದೆ ಕೊಡೆಗೆ ಹಿಂಬದಿಯ ಪೆಟ್ಟಿಗೆಯಲ್ಲಿ ಒಂದು ತಟ್ಟೆಯನ್ನಿಡಿ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ನಾಲ್ಕು ಬಾಗಿಲುಗಳನ್ನೂ ತೆರೆದು, ಚಾಪೆಗಳನ್ನು ಎತ್ತಿ ಒಣಗಿಸಿರಿ. ಬಹುದಿನ ನಿಂತ ಕಾರಿನ ಆಸನದಲ್ಲಿ ಇಲಿಗಳು ಗೂಡು ಕಟ್ಟುವುವು. ಅವುಗಳ ಮೂತ್ರವೂ ಕಬ್ಬಿಣಕ್ಕೆ ಶತ್ರುವೇ. ಆದುದರಿಂದ ತಿಂಡಿಯ ಚೂರುಗಳನ್ನು ಒಳಗೆ ಬಿಡಬಾರದು.

ಇಷ್ಟೆಲ್ಲ ಶ್ರಮ ಹಳೆಯ ಕಾರಿಗೆ ಏಕೆಂದು ಕೇಳುವವರು ಇರಬಹುದು. ಭಾರತ ಸರ್ಕಾರವು ೨೦೨೧ರಲ್ಲಿ ಹೊರಡಿಸಿದ ನಿಯಮಗಳು ಐವತ್ತು ವರ್ಷ ಮೀರಿದ, ಮೂಲಸ್ವರೂಪ ಕೆಡದ ಕಾರುಗಳನ್ನು ಪರಂಪರೆಯ ವಾಹನಗಳೆಂದು ಗುರುತಿಸಿ, ಅವುಗಳಿಗೆ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿವೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರಿಗೆ ಅವುಗಳ ಬೆಲೆ ತಿಳಿದೇ ಇದೆ. ೧೯೮೩ರಲ್ಲಿ ರಸ್ತೆಗಿಳಿದ ಮಾರುತಿಗೆ ೨೦೩೩ರಲ್ಲಿ ಐವತ್ತು ತುಂಬುವುದು. ಬೆಸುಗೆ ಹಾಕಿ ಕೆಡಿಸಿದ ಆಸನವನ್ನು ಆಗ ಮೊದಲಿನಂತೆ ಮಾಡುವುದು ಸುಲಭವಲ್ಲ. ಎಣ್ಣೆಯಿಂದ ಬಿಡಿಸಿದ ಆಸನ ಆಗಲೂ ತನ್ನ ಮೂಲರೂಪದಲ್ಲಿಯೇ ಇರುವುದು.

ಆಯುಧಪೂಜೆಯ ದಿನ ನಾವು ಕಾರನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದ ಅಡಿಗೆ ನಿಂಬೆಹಣ್ಣನ್ನಿಡುವೆವು. ಹಬ್ಬ ಬರುವುದು ಮಳೆಗಾಲ ಮುಗಿಯುತ್ತ ಬಂದ ಹೊತ್ತಿಗೆ. ಮಳೆಯ ನಾಲ್ಕು ತಿಂಗಳ ತೇವ ಕೀಲಿನೊಳಗೆ ಕುಳಿತಿರುವುದೂ ಆಗಲೇ. ಆ ದಿನ ಆಸನದ ಹೊದಿಕೆಯನ್ನು ಬಿಚ್ಚಿ, ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಬೆನ್ನನ್ನು ಒಮ್ಮೆ ಪೂರ್ತಿ ಆಡಿಸಿ, ಪ್ರತಿ ಹಲ್ಲಿನಲ್ಲಿಯೂ ನೂಕಿ ನೋಡುವುದನ್ನು ಪೂಜೆಯ ಒಂದು ಅಂಗವಾಗಿ ಮಾಡಿಕೊಂಡರೆ, ಮನೆಯ ಹಿರಿಯರನ್ನು ಅದರಲ್ಲಿ ನಿಶ್ಚಿಂತೆಯಿಂದ ಕೂರಿಸಬಹುದು.